ನೂರಮೂವತ್ತೆರಡು ಹಲ್ಲು, ಹದಿನೇಳು ಫೋಟೋ

ಚಕ್ರವೊಂದರ ಅಂಚಿನಲ್ಲಿ ನೂರಿಪ್ಪತ್ತು ಹಲ್ಲುಗಳಿವೆಯೋ ನೂರಮೂವತ್ತೆರಡೋ ಎಂಬುದು ಲೋಕದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲೊಂದು. ಲೋಕಕ್ಕೆ ಇದು ಗೊತ್ತಿಲ್ಲ. ಗೊತ್ತಿರುವ ಒಬ್ಬರು ಬೆಳಗಿನ ಐದೂವರೆಗೆ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಡಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಎಣಿಸುತ್ತಿದ್ದಾರೆ.

ಸ್ಟಾರ್ಟರ್ ಮೋಟಾರು ಕೂರುವ ತೂತಿನಲ್ಲಿ ಕಾಣುವ ಹಲ್ಲೊಂದಕ್ಕೆ ಸೀಮೆಸುಣ್ಣ ಬಳಿದಿದ್ದಾರೆ. ಸ್ಪ್ಯಾನರಿನಿಂದ ಎಂಜಿನ್ನನ್ನು ಇಷ್ಟಿಷ್ಟೇ ತಿರುಗಿಸುತ್ತಾ, ಆ ಬಿಳಿ ಹಲ್ಲು ಮರಳಿ ಬರುವವರೆಗೆ ಎಣಿಕೆ. ಮೋಟಾರಿನ ಪುಟ್ಟ ಹಲ್ಲುಗಾಲಿ ಎಂಜಿನ್ನಿನ ಬೆನ್ನಿಗಿರುವ ಈ ದೊಡ್ಡ ಚಕ್ರಕ್ಕೆ ಸರಿಯಾಗಿ ಕಚ್ಚಿಕೊಂಡರೆ ಕಾರು ಏಳುತ್ತದೆ, ಇಲ್ಲದಿದ್ದರೆ ಕಿರುಚುತ್ತದೆ.

ಬೀದಿಯವರಿಗೆ ಇವರು 'ಹಲ್ಲೆಣಿಕೆ'. ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷದಿಂದ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ದಿನಕ್ಕೆ ಏಳೆಂಟು ಸ್ಟಾರ್ಟರ್ ಬಿಚ್ಚುತ್ತಾರೆ. ಬಲಗೈ ಈಗ ಕಿವಿಯವರೆಗೂ ಏಳುವುದಿಲ್ಲ. ಮುಂದಿನ ಕೋಣೆ, ಅದರ ಗಾಜಿನ ಬಾಗಿಲು, ಗಿರಾಕಿಗಳ ನಮಸ್ಕಾರ ಎಲ್ಲವೂ ತಮ್ಮನ ಪಾಲು. ತಮ್ಮನನ್ನು ಜನ 'ಡಾಕ್ಟರ್' ಅನ್ನುತ್ತಾರೆ. ಅಲ್ಲಿನ ಗೋಡೆಯ ಮೇಲೆ ಹದಿನೇಳು ಹಳೆಯ ಕಾರುಗಳ ಫೋಟೋಗಳಿವೆ. ಹದಿನೇಳರಲ್ಲೂ ಬಾನೆಟ್ ಮೇಲೆ ತಮ್ಮನದೇ ಕೈ.

"ಅದ್ರಲ್ಲಿ ಹದಿನಾಲ್ಕಕ್ಕೆ ಸ್ಟಾರ್ಟರ್ ಹುಡುಕಿ ಕೊಟ್ಟಿದ್ದು ನಾನು. ಹೊಟ್ಟೆಕಿಚ್ಚೇನಿಲ್ಲ ಮತ್ತೆ. ಎಣಿಸಿದೆ, ಅಷ್ಟೆ," ಎನ್ನುತ್ತಾರೆ ಹಲ್ಲೆಣಿಕೆಯವರು.

ಕೆಂಪು ಕಾರಿನ ಒಡತಿ ನಿವೃತ್ತ ಹೆಡ್‌ಮಿಸ್. ಭಾನುವಾರ ಹಳೆಯ ಕಾರುಗಳ ಮೆರವಣಿಗೆಯಲ್ಲಿ ತಾವೇ ಓಡಿಸಬೇಕೆಂದು ಹಟ ಹಿಡಿದಿದ್ದಾರೆ. ಇಂದು ಶುಕ್ರವಾರ. ತಮ್ಮನು ಕಾರಿನ ಕಾಗದಪತ್ರದಲ್ಲಿನ ಇಸವಿ ನೋಡಿ ಹೊಸ ಸ್ಟಾರ್ಟರ್ ತರಿಸಿದ್ದಾನೆ, ಅಣ್ಣನನ್ನು ಕೇಳಿಲ್ಲ. ಅಣ್ಣನೂ ಬೆಳಗಿನ ಲೆಕ್ಕವನ್ನು ಜೇಬಿನ ಚೀಟಿಯಲ್ಲಿ ಮಡಚಿಟ್ಟು, ಹಿಂದಿನ ಕೋಣೆಯಲ್ಲಿ ನಿಧಾನವಾಗಿ ಚಹಾ ಕುಡಿಯುತ್ತಿದ್ದಾರೆ.

ಹತ್ತು ಗಂಟೆಗೆ ತಮ್ಮನು ಹೊಸ ಸ್ಟಾರ್ಟರ್ ಕೂರಿಸಿ ಕೀಲಿ ತಿರುಗಿಸುತ್ತಾನೆ. ಕರ್ರ್! ಚಹಾ ಇವತ್ತು ಬಹಳ ರುಚಿಯಾಗಿದೆ. ಎರಡನೆಯ ಸಲವೂ ಕರ್ರ್! ಹಲ್ಲೆಣಿಕೆಯವರ ಮುಖ ಸಣ್ಣಗಾಗುತ್ತದೆ. ಮೂರನೆಯದಕ್ಕೆ ಲೋಟ ಕುಕ್ಕಿ ಎದ್ದೇಬಿಡುತ್ತಾರೆ.

"ಲೋ! ಇನ್ನೊಂದ್ಸಲ ಕೀಲಿ ಮುಟ್ಟಿದ್ರೆ ನೋಡು! ಹಲ್ಲು ಉದುರಿ ಹೋಗುತ್ತೆ!"

"ಪಾರ್ಟ್ಸ್ ಪುಸ್ತಕದಲ್ಲಿ ಇದೇ ಇದೆಯಣ್ಣ. ಇಸವಿ ನೋಡೇ ತರಿಸಿದ್ದು."

"ಇಸವಿ ಕಾರಿಂದು ಕಣೋ. ಎಂಜಿನ್ ಆಮೇಲೆ ಯಾರೋ ಬದಲಾಯಿಸಿದ್ದಾರೆ. ಇದಕ್ಕೆ ನೂರಮೂವತ್ತೆರಡು ಹಲ್ಲು. ನಿನ್ನ ಮೋಟಾರು ನೂರಿಪ್ಪತ್ತಕ್ಕೆ."

"ಯಾವಾಗ ಎಣಿಸಿದೆ?"

"ಬೆಳಗ್ಗೆ."

"ಮತ್ತೆ ಹೇಳೋದಲ್ವಾ ಪುಣ್ಯಾತ್ಮ?"

"ಡಾಕ್ಟರಿಗೆ ನಾವ್ಯಾರಪ್ಪ ಔಷಧಿ ಹೇಳೋಕೆ?"

ಹೀಗೆಂದರೂ ಒಳಗೆ ಹೋಗಿ, ನಾಲ್ಕು ವರ್ಷದಿಂದ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದ ಮೋಟಾರನ್ನು ತರುತ್ತಾರೆ. ಅದರ ಪುಟ್ಟ ಗಾಲಿಯ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಇನ್ನೊಮ್ಮೆ ಎಣಿಸಿ, ತಮ್ಮನ ಕೈಗೆ ಕೊಡದೆ ತಾವೇ ಕೂರಿಸುತ್ತಾರೆ. ಮೊದಲ ತಿರುವಿಗೇ ಕಾರು ಗುರುಗುಟ್ಟುತ್ತದೆ. ಕಾರು ನೋಡಲು ಬಂದಿದ್ದ ಹೆಡ್‌ಮಿಸ್ ಚಪ್ಪಾಳೆ ತಟ್ಟಿ, "ಡಾಕ್ಟರ್ ಅಂದ್ರೆ ಡಾಕ್ಟರೇ!" ಎಂದು ತಮ್ಮನ ಕೈ ಕುಲುಕುತ್ತಾರೆ.

"ಅವನಿಗೋಸ್ಕರ ಎದ್ದೆ ಅಂದ್ಕೋಬೇಡಿ," ಹಲ್ಲೆಣಿಕೆಯವರು ಕೈ ಒರೆಸಿಕೊಳ್ಳುತ್ತಾರೆ. "ಆ ಹಲ್ಲುಗಳೇನು ಮಾಡಿದ್ವು, ಪಾಪ?"

ಆಸೆಯೇನಾದರೂ ಇದೆಯೇ ಎಂದರೆ ಗೋಡೆಯತ್ತ ನೋಡುತ್ತಾರೆ. "ಫೋಟೋದಲ್ಲಿ ನಿಲ್ಲೋ ಆಸೆ ನನಗಿಲ್ಲಪ್ಪ. ಹದಿನೆಂಟನೇದ್ರಲ್ಲಿ ಅವನು ಕಣ್ಣು ಮುಚ್ಕೊಂಡಿರೋ ಹಾಗೆ ಬಂದ್ರೆ ಸಾಕು."

ಭಾನುವಾರ ಕಾರು ಓಡಿತು. ಸೋಮವಾರ ಫೋಟೋ ಗೋಡೆಗೇರಿತು. ತಮ್ಮನ ಕಣ್ಣುಗಳೆರಡೂ ತೆರೆದಿವೆ.