ಪಕ್ಕದ ಕೋರ್ಟಿನ ದನಿ

ವಿಶ್ವವಿದ್ಯಾಲಯದ ಟೆನಿಸ್ ಅಂಗಳದಲ್ಲಿ ಆರು ಮಣ್ಣಿನ ಕೋರ್ಟುಗಳಿದ್ದವು. ನಾಲ್ಕು ಹುಡುಗರಿಗೆ, ಎರಡು ಹುಡುಗಿಯರಿಗೆ. ಹುಡುಗರಿಗೆ ಕಲಿಸುವವನು ಎಲ್ಲರ ಬಾಯಲ್ಲಿ ಸರ್, ಹುಡುಗಿಯರಿಗೆ ಕಲಿಸುವವಳು ಮೇಡಂ. ಇಬ್ಬರೂ ಗಂಡ ಹೆಂಡತಿ ಎಂಬುದು ಹೊಸಬರಿಗೆ ಗೊತ್ತಾಗಲು ವರ್ಷವೇ ಹಿಡಿಯುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಅವರ ನಡುವೆ ಮಾತಿರಲಿಲ್ಲ.

ಓದುವಾಗ ಇದೇ ಅಂಗಳದಲ್ಲಿ ಡಬಲ್ಸ್ ಆಡುತ್ತ ಜೊತೆಯಾದವರು. ಮದುವೆಯಾಗಿ ಎಂಟು ವರ್ಷ ಚೆನ್ನಾಗಿಯೇ ಇದ್ದರು. ಆಗ ಹುಡುಗಿಯರಿಗೆ ತಂಡವೇ ಇರಲಿಲ್ಲ. ಅವಳು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಒಂದು ತಂಡ ಕಟ್ಟಿದಳು. ಕೋರ್ಟು ಹಂಚುವ ಸಭೆಯಲ್ಲಿ ಮೂರು ಕೇಳಿದಳು. ಸಮಿತಿಯವರು, ಆಗಲೇ ಹುಡುಗರಿಗೆ ಕಲಿಸುತ್ತಿದ್ದ ಅವನ ಕಡೆ ನೋಡಿದರು. ಅವನು ಕಾಗದದಿಂದ ತಲೆಯೆತ್ತದೆ, ಹುಡುಗಿಯರಿಗೆ ಎರಡು ಸಾಕು ಎಂದುಬಿಟ್ಟ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವಳು ಎರಡು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೋಗಿ, ಅಂಗಳದ ಹತ್ತಿರ ಒಂದು ಕೋಣೆಯ ಮನೆ ಹಿಡಿದಳು. ವಾರದೊಳಗೆ ಬಂದು ಕರೆಯುತ್ತಾನೆ ಎಂದುಕೊಂಡಿದ್ದಳು. ತಾನಾಗಿಯೇ ಬರುತ್ತಾಳೆ ಎಂದು ಅವನೂ ಕಾದನೋ ಏನೋ. ಇಬ್ಬರೂ ಪಟ್ಟು ಹಿಡಿದರು. ಕೆಲಸವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಕೋರ್ಟಿಗೆ ನೀರು ಹಾಕಿ ಗೆರೆ ಎಳೆಯುವ ಆಳಿನ ಬಾಯಲ್ಲಿ ಹೇಳಿಸುತ್ತಿದ್ದರು. ಗೆರೆ ಹಾಕುವ ಸಂಬಳಕ್ಕೆ ಅಂಚೆಯವನ ಕೆಲಸವನ್ನೂ ಮಾಡುತ್ತಿದ್ದೇನೆ ಎಂದು ಆ ಆಳು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ಸರ್ ಕೈಯಿಂದ ರ‍್ಯಾಕೆಟ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಕುಸಿದ. ಬಲಗಡೆ ಸ್ವಾಧೀನ ತಪ್ಪಿತ್ತು. ಮೊದಲು ಓಡಿ ಬಂದವಳು ಅವಳೇ. ಆಸ್ಪತ್ರೆಯಲ್ಲಿ ಕಾಗದ ತುಂಬುತ್ತಿದ್ದವನು, “ಅವರು ನಿಮಗೆ ಏನಾಗಬೇಕು?” ಎಂದು ಕೇಳಿದ.

“ಜೊತೆಗೆ ಕೆಲಸ ಮಾಡ್ತೀವಿ,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವನ ತಂಗಿ ಬಂದು ಎಲ್ಲವನ್ನೂ ವಹಿಸಿಕೊಂಡಳು. ಹದಿನೈದು ದಿನದ ಮೇಲೆ ಅಣ್ಣನನ್ನು ತನ್ನ ಮನೆಗೇ ಕರೆದೊಯ್ದಳು.

ಎರಡೂ ತಂಡಗಳನ್ನು ಇನ್ನು ನೀವೇ ನೋಡಿಕೊಳ್ಳಿ ಎಂದು ವಿಶ್ವವಿದ್ಯಾಲಯ ಅವಳಿಗೆ ಪತ್ರ ಕೊಟ್ಟಿತು. ಅವಳು ಕೋರ್ಟುಗಳನ್ನು ಸಮನಾಗಿ ಹಂಚಿದಳು. ಯಾರೂ ತಕರಾರು ತೆಗೆಯಲಿಲ್ಲ. ಇಷ್ಟು ಸುಲಭವಿತ್ತೇ ಎನಿಸಿತು. ಪಕ್ಕದ ಕೋರ್ಟಿನಿಂದ ಈಗ ಗದರುವ ದನಿಯಿಲ್ಲ. ‘ಕಾಲು, ಕಾಲು ಎತ್ತಿಡು’ ಎಂಬ ಆ ಒರಟು ಕೂಗಿಗೆ ಬೈದುಕೊಳ್ಳುತ್ತಲೇ ಹತ್ತೊಂಬತ್ತು ವರ್ಷ ಕಳೆದಿದ್ದಳು. ಈಗ ಸಂಜೆ ಮನೆಗೆ ಹೋಗಿ ಬೀಗ ತೆಗೆದರೆ, ಮನಸ್ಸಿನಲ್ಲಿ ಜಗಳವಾಡಲೂ ಯಾರೂ ಇರಲಿಲ್ಲ.

ನಾಲ್ಕು ತಿಂಗಳು ತಡೆದು, ಕೊನೆಗೆ ನಾದಿನಿಯ ಮನೆಗೆ ಹೋದಳು. ಅವನು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಕೆನ್ನೆ ಒಂದು ಕಡೆ ಇಳಿಬಿದ್ದಿತ್ತು. ಹೇಗಿದ್ದೀಯ ಎಂದು ಇಬ್ಬರೂ ಕೇಳಲಿಲ್ಲ.

“ಆ ಎಡಗೈ ಹುಡುಗ,” ಎಂದ ಅವನು, ಒಂದೊಂದೇ ಮಾತು ಹುಡುಕುತ್ತ. “ಸರ್ವ್‌ಗೆ ಚೆಂಡು ಇನ್ನೂ ಓರೆಯಾಗಿ ಎಸೀತಾನಾ?”

“ಎಸೀತಾನೆ. ತಿದ್ದೋಕೆ ಹೋದ್ರೆ, ಸರ್ ಹೀಗೇ ಹೇಳ್ಕೊಟ್ಟಿದ್ದು ಅಂತಾನೆ.”

“ಸುಳ್ಳ.” ಅರ್ಧ ಬಾಯಿ ನಕ್ಕಿತು. ಆಮೇಲೆ, “ಕೋರ್ಟು?”

“ಮೂರು, ಮೂರು ಮಾಡಿದೀನಿ.”

ಅವನು ಕಿಟಕಿಯತ್ತ ತಿರುಗಿದ. “ಎರಡು ಸಾಕಿತ್ತು,” ಎಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮರುಗಳಿಗೆಯಲ್ಲೇ ತಡೆಯಲಾರದಷ್ಟು ನಗು ಬಂತು. ಒಳಗಿಂದ ಬಂದ ನಾದಿನಿ ಇಬ್ಬರ ಮುಖ ಮುಖ ನೋಡಿದಳು.

ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಒಂದು ದಿನ ಧೈರ್ಯ ಮಾಡಿ, ನನ್ನ ಮನೆಗೇ ಬಂದಿರು ಎಂದಳು. ಅವನು ತಲೆಯಲ್ಲಾಡಿಸಿದ. “ಬೇಡ. ನೀನು ನನ್ನ ಕಾಯ್ತಾ ಕೂತ್ರೆ ಆ ಮಕ್ಕಳಿಗೆ ಯಾರು?”

ಆ ಮಾತಿನಲ್ಲಿ ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಅವಳು ಮತ್ತೆ ಒತ್ತಾಯಿಸಲಿಲ್ಲ.

ಆ ವರ್ಷ ಹುಡುಗಿಯರ ತಂಡ ಮೊದಲ ಸಲ ಸೆಮಿಫೈನಲ್ ಮುಟ್ಟಿತು. ಹುಡುಗರದು ಮೊದಲ ಸುತ್ತಿನಲ್ಲೇ ಮುಗಿಯಿತು. ಹೇಳಲು ಹೋದಾಗ ನಾದಿನಿಯ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ನಾದಿನಿಯ ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು. ಅಣ್ಣನೂ ಜೊತೆಗೆ ಹೊರಟಿದ್ದ.

ಈಗ ಭಾನುವಾರ ಬೆಳಿಗ್ಗೆ ಅವಳು ಫೋನು ಮಾಡುತ್ತಾಳೆ. ಪಂದ್ಯಗಳ ಸುದ್ದಿಯನ್ನೆಲ್ಲ ಹೇಳುತ್ತಾಳೆ, ಹುಡುಗರದ್ದು ಮೊದಲು. ಅವನ ಮಾತು ಫೋನಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಉಸಿರು ಮಾತ್ರ ಕೇಳಿಸುತ್ತದೆ. ಹತ್ತು ನಿಮಿಷವಾದ ಮೇಲೆ ನಾದಿನಿ, “ಅಣ್ಣನಿಗೆ ಸುಸ್ತಾಯ್ತು ಅತ್ತಿಗೆ,” ಎನ್ನುತ್ತಾಳೆ. ಫೋನಿಟ್ಟು ಅವಳು ಕೋರ್ಟಿನ ಕಡೆ ನಡೆಯುತ್ತಾಳೆ. ಭಾನುವಾರ ಅಲ್ಲಿ ಯಾರೂ ಇರುವುದಿಲ್ಲ.