ತಾತನಿಗೆ ಮಾತ್ರ ಕೇಳಿಸದ ಸದ್ದು

ತಾತನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ಹಿಟ್ಟನ್ನು ಬರಿಗೈಯಲ್ಲಿ ಉರುಳಿಸಿ ಮುದ್ದೆ ಕಟ್ಟಿ ಕಟ್ಟಿ ಅವು ಎಂದೋ ಸವೆದುಹೋಗಿದ್ದವು. ಅಂಗೈ ಕೆಂಪಗೆ, ದಪ್ಪಗೆ, ನುಣ್ಣಗಿತ್ತು. ಊಟಕ್ಕೆ ಬಂದ ಕಣಿ ಹೇಳುವವನೊಬ್ಬ ಆ ಕೈಯನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, "ಏನೂ ಕಾಣ್ತಿಲ್ವಲ್ಲಯ್ಯ" ಎಂದು ಬಿಟ್ಟುಬಿಟ್ಟ. "ಕಾಣಕ್ಕೆ ಏನೈತೆ ಬುಡು, ಸಾರು ಹಾಕ್ಲಾ?" ಎಂದ ತಾತ.

ಅವನು ನನ್ನ ಸ್ವಂತ ತಾತನಲ್ಲ. ಪಾವಗಡದ ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ನಮ್ಮ ಹೋಟ್ಲಿನ ಅಡುಗೆಯವನು. ಹೆಂಡತಿಯ ಜೊತೆ ಕೊರಟಗೆರೆ ಕಡೆಯ ಕೊಳಾಲದಿಂದ ಬಂದು, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ನೆಲೆ ನಿಂತವನು. ಮಕ್ಕಳಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಬೈದದ್ದು ಎಲ್ಲ ಅವನೇ. ನಮ್ಮಮ್ಮನಿಗೆ ಕೌಂಟರು ಬಿಟ್ಟು ಏಳಲು ಪುರುಸೊತ್ತಿರಲಿಲ್ಲ. ಈಗ ಆ ಕೌಂಟರಿನಲ್ಲಿ ನಾನಿದ್ದೇನೆ, ನನಗೂ ಇಲ್ಲ.

ನಮ್ಮ ಕಟ್ಟಡ ಹಳೆಯದು. ಯಾರೋ ಹೆಂಡದ ಕಂತ್ರಾಟುದಾರ ಕಟ್ಟಿಸಿದ್ದಂತೆ. ಕೆಳಗೆ ಹೆಂಡದಂಗಡಿ, ಮೇಲೆ ಕುಡಿದು ಮನೆ ದಾರಿ ಮರೆತವರು ಬಿದ್ದುಕೊಳ್ಳಲು ಕೋಣೆಗಳು. ಹೆಂಡ ಹೋಗಿ ಸಾರಾಯಿ ಬಂತು, ಸಾರಾಯಿ ನಿಂತು ಬಾರ್ ಆಯಿತು. ಹಿಂದಿನ ಅಡುಗೆಮನೆ ಮಾತ್ರ ಮುದ್ದೆ, ಕೋಳಿಸಾರು ಬಿಟ್ಟು ಅಲುಗಲಿಲ್ಲ. ಇಷ್ಟು ಜನ ಕುಡಿದು ಹೋದ ಮನೆಗೆ ದೆವ್ವಗಳಿಲ್ಲದಿದ್ದರೆ ಹೇಗೆ? ಇದ್ದವು, ದಂಡಿಯಾಗಿ ಇದ್ದವು. ತಾತ ಅವನ್ನೆಲ್ಲ ಮನೆಯವರಂತೆ ಬಲ್ಲವನಾಗಿದ್ದ.

ಕಂತ್ರಾಟುದಾರ ಬದುಕಿದ್ದಾಗ ಹೆಂಡಕ್ಕೆ ನೀರು ಬೆರೆಸುತ್ತಿದ್ದನಂತೆ. ಯಾರಾದರೂ "ಏನ್ ಮಾಲಯ್ಯಾ ಇದು, ಏರ್ತಾನೇ ಇಲ್ಲ" ಎಂದು ಗೊಣಗಿದರೆ ತಾತ ಅಡುಗೆಮನೆಯಿಂದಲೇ ಕೂಗುತ್ತಿದ್ದ: "ಅವ್ನು ಸತ್ರೂ ಬುದ್ಧಿ ಬುಡ್ನಿಲ್ಲ ಕಣ್ಲಾ, ಈಗ್ಲೂ ಬಂದು ನೀರು ಬೆರೆಸ್ತಾನೆ!" ಇನ್ನೊಬ್ಬ ಕಲ್ಯಾಣದುರ್ಗದ ಲಾರಿ ಡ್ರೈವರು. ಮೆಟ್ಟಿಲ ಮೇಲೆ ನಿಂತು "ಟೀ ಉಂದಾ?" ಎಂದು ತೆಲುಗಿನಲ್ಲಿ ಟೀ ಕೇಳುತ್ತಾನೆ, ತಂದುಕೊಟ್ಟರೆ ಇರುವುದಿಲ್ಲ. "ಟೀ ದಂಡ" ಎಂದು ತಾತನ ದೂರು. ಅವನು ಕತೆ ಹೇಳಿದರೆ ಹೆದರಿಕೆಗಿಂತ ನಗು ಹೆಚ್ಚು.

ಒಂದು ದೆವ್ವದ ಕತೆಯನ್ನು ಮಾತ್ರ ಅವನು ಹೇಳುತ್ತಿರಲಿಲ್ಲ, ಬೇರೆಯವರು ಹೇಳುತ್ತಿದ್ದರು. ಅದು ಅವನ ಹೆಂಡತಿಯದು. ಮೇಲೆ, ಹಿಂಬದಿಯ ಕೋಣೆಯಲ್ಲಿ ದೊಡ್ಡ ಒರಳುಕಲ್ಲೊಂದಿತ್ತು. ಹೋಟ್ಲಿನ ಮಸಾಲೆಯೆಲ್ಲ ಅವಳು ಅದರಲ್ಲೇ ರುಬ್ಬುತ್ತಿದ್ದಳು. ತಾತ ಊರ ಕಡೆ ಮದುವೆ ಅಡುಗೆಗೆ ಹೋಗಿದ್ದ ದಿನ, ರುಬ್ಬುತ್ತಿದ್ದ ಹಾಗೇ ಎದೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದಳಂತೆ. ತಾತನಿಗೆ ಸುದ್ದಿ ಮುಟ್ಟಿ, ಅವನು ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನಾನು ಬರೋ ಹೊತ್ಗೆ ಒರಳಲ್ಲಿ ಮಸಾಲೆ ಒಣಗೋಗಿತ್ತು" ಎಂದಷ್ಟೇ ಒಮ್ಮೆ ನನಗೆ ಹೇಳಿದ್ದ.

ಆಮೇಲೆ ಆ ಕೋಣೆಯಿಂದ ರುಬ್ಬುವ ಸದ್ದು ಬರುತ್ತದೆಂದು ಮಾತು ಹಬ್ಬಿತು. ಮೇಲೆ ಮಲಗಿದ್ದವರು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬರುತ್ತಿದ್ದರು. ಹುರಿದ ಧನಿಯದ ವಾಸನೆ ಬಂತೆಂದರು. ಎಲೆಯಲ್ಲಿ ಅನ್ನ ಬಿಟ್ಟವರನ್ನು ಅವಳು ಬದುಕಿದ್ದಾಗ ಮುಲಾಜಿಲ್ಲದೆ ಬೈಯುತ್ತಿದ್ದಳಂತೆ. ಹಾಗಾಗಿ ನಮ್ಮ ಗಿರಾಕಿಗಳು ಎಷ್ಟೇ ಕುಡಿದಿದ್ದರೂ ಮುದ್ದೆ ಬಿಡುತ್ತಿರಲಿಲ್ಲ. "ಅಕ್ಕ ನೋಡ್ತಾಳೆ, ಉಣ್ಣಲೇ" ಎಂದು ಒಬ್ಬರಿಗೊಬ್ಬರು ತಿವಿದುಕೊಂಡು ಎಲೆ ಬಳಿಯುತ್ತಿದ್ದರು.

ಇಡೀ ಊರಿಗೆ ಕೇಳಿಸಿದ ಆ ಸದ್ದು ತಾತನಿಗೆ ಮಾತ್ರ ಕೇಳಿಸಲಿಲ್ಲ. ಒಂದು ದಿನವೂ ಇಲ್ಲ. ಅದೇ ಕೋಣೆಯಲ್ಲಿ, ಒರಳಿನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ವರ್ಷಗಟ್ಟಲೆ ಮಲಗಿದ ಮನುಷ್ಯ! ಅದಕ್ಕೇ ಕೇಳಿಸಿದೆ ಎಂದವರನ್ನು ಅವನು ಬಿಡುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, ಟೀ ಕೊಟ್ಟು, ಸಣ್ಣ ದನಿಯಲ್ಲಿ ವಿಚಾರಿಸುತ್ತಿದ್ದ. "ಬಿರ್ ಬಿರ್ರನೆ ರುಬ್ತಿದ್ಲಾ, ನಿಧಾನವಾ? ನಡುವೆ ಕೆಮ್ಮಿದ್ಲಾ? ಏನಾರ ಗೊಣಗ್ತಿದ್ಲಾ?" ಕುಡುಕರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಅವರು ಬಿಡುವುದು ರೈಲೆಂದು ನನಗೆ ಗೊತ್ತಾಗುತ್ತಿತ್ತು. ತಾತ ಮಾತ್ರ ತಲೆದೂಗುತ್ತ, "ಹೂಂ, ಅವ್ಳೇಯ. ಅಂಗೇ ಗೊಣಗೋಳು" ಎನ್ನುತ್ತಿದ್ದ.

ದೆವ್ವದ ಹೆಸರು ಬಾರಿಗೆ ಒಳ್ಳೆಯದೇ ಆಯಿತು, ಮೇಲಿನ ಕೋಣೆಗಳಿಗೆ ಆಗಲಿಲ್ಲ. ಊರವರು ಅಲ್ಲಿ ಮಲಗುವುದು ಬಿಟ್ಟರು. ಹೊರಗಿನವರಿಗೆ ಊರವರೇ ಹೇಳಿ ಓಡಿಸುತ್ತಿದ್ದರು. ಹೊಸ ಬಾರುಗಳೆದ್ದು ಕೆಳಗಿನ ವ್ಯಾಪಾರವೂ ಕುಸಿದಾಗ ಅಪ್ಪ ಕಟ್ಟಡ ಮಾರುವ ಮಾತೆತ್ತಿದ. ಅಷ್ಟರಲ್ಲಿ ರಾಯಚರ್ಲು ಕಡೆ ಸೋಲಾರ್ ಪಾರ್ಕಿನ ಕೆಲಸ ಶುರುವಾಯಿತು. ಎಲ್ಲೆಲ್ಲಿಂದಲೋ ಜನ ಬಂದರು, ಪಾವಗಡದಲ್ಲಿ ಮಲಗಲು ಜಾಗವಿಲ್ಲದಂತಾಯಿತು. ಸಿರಾದಿಂದ ಬಂದ ಸೂಪರ್‌ವೈಸರೊಬ್ಬ ನಮ್ಮ ಮಹಡಿಯನ್ನೆಲ್ಲ ನೋಡಿ ಒಪ್ಪಿದ. ಹೋಗುವಾಗ ಮೆಟ್ಟಿಲ ಬಳಿ ನಿಂತು, "ಪೂರಾ ಮಹಡಿ ತಗಂತೀವಿ ಸಾಹುಕಾರ್ರೇ. ಆ ಹಿಂದಿನ ಕೋಣೆದು ಏನಾದ್ರೂ ಬಂದೋಬಸ್ತ್ ಮಾಡ್ಸಿ. ನಮ್ ಹುಡುಗ್ರು ಆಗ್ಲೇ ಹೆದ್ರವ್ರೆ" ಎಂದ.

ಅಪ್ಪ ಮಡಕಶಿರಾ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದ. ಅಮಾವಾಸ್ಯೆಯ ದಿನ, ಮಟಮಟ ಮಧ್ಯಾಹ್ನ. ನಿಂಬೆಹಣ್ಣು ಕೊಯ್ದ, ಕುಂಕುಮ ಚೆಲ್ಲಿದ, ಬಾಗಿಲಿಗೆ ತಾಮ್ರದ ತಗಡು ಹೊಡೆದ. ಕೊನೆಗೆ ತಾತನ ಕಡೆ ತಿರುಗಿ, "ಮೂಡು ಸಾರ್ಲು ಚೆಪ್ಪಾಲ. ಹೋಗು ಅಂತ ಮೂರು ಸಲ ಹೇಳ್ಬೇಕು. ಗಂಡನೇ ಹೇಳ್ಬೇಕು, ಅವಾಗ್ಲೇ ಹೋಗೋದು" ಎಂದ. ಇದನ್ನು ತಾತನಿಗೆ ಮೊದಲೇ ಯಾರೂ ತಿಳಿಸಿರಲಿಲ್ಲ.

ತಾತ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲೇ ನಿಂತುಬಿಟ್ಟ.

"ಸ್ವಾಮಿ, ನನ್ ತಾವ ಅವ್ಳು ಒಂದಿನಾನೂ ಬರ್ನಿಲ್ಲ. ಬರ್ದೇ ಇರೋಳ್ನ ಹೆಂಗೆ ಹೋಗು ಅನ್ಲಿ?"

ಮಂತ್ರವಾದಿ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡುತ್ತ, "ಬ್ಯಾಡ ಬುಡಣ್ಣ. ನಿನ್ ಮನಸಿಗೆ ಬರ್ದಿದ್ರೆ ಬ್ಯಾಡ. ಮಾರ್ಬುಡಾಣ, ಅಷ್ಟೇ ತಾನೆ" ಎಂದ. ಬಲವಂತ ಮಾಡಿದ್ದರೆ ತಾತ ಖಂಡಿತ ಜಗಳವಾಡುತ್ತಿದ್ದ. ಅಪ್ಪ ಬೇಡವೆಂದದ್ದೇ ಅವನನ್ನು ಕಟ್ಟಿಹಾಕಿತು. ಅವನು ನನ್ನ ಕಡೆ ನೋಡಿದ. ನಾನು ಬಾಗಿಲಿಗೆ ಹೊಡೆದ ತಗಡಿನ ಕಡೆ ಕಣ್ಣು ತಿರುಗಿಸಿದೆ.

ತಾತ ಒಳಗೆ ಹೋಗಿ ಒರಳಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ದಿನಾ ಮಾತಾಡುವ ದನಿಯಲ್ಲೇ ಹೇಳಿದ: "ಲೇ, ಹೋಗು. ರುಬ್ಬಿದ್ದು ಸಾಕು. ಈ ಮಗೀಗೆ ಜಾಗ ಬೇಕಂತೆ." ಎರಡನೆಯ ಸಲ ಬರಿ "ಹೋಗು" ಎಂದ. ಮೂರನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ಮಂತ್ರವಾದಿ ಗಂಟಲು ಸರಿಮಾಡಿಕೊಂಡ. ತಾತನ ತುಟಿ ಅಲುಗಿದ್ದನ್ನು ನಾನು ನೋಡಿದೆ, ದನಿ ಕೇಳಿಸಲಿಲ್ಲ. "ಆಯ್ತು" ಎಂದು ಮಂತ್ರವಾದಿಯೇ ಎದ್ದ.

ಅವನು ಚೀಲ ಕಟ್ಟಿಕೊಳ್ಳುವಾಗ ತಾತ ಹತ್ತಿರ ಹೋಗಿ ಕೇಳಿದ: "ಸ್ವಾಮಿ, ಕಳ್ಸೋದು ಗೊತ್ತು ನಿಮ್ಗೆ. ಕರ್ಸೋದು ಗೊತ್ತಾ?" ಮಂತ್ರವಾದಿ ನಕ್ಕ. ತಮಾಷೆ ಎಂದುಕೊಂಡನೇನೋ.

ಮಹಡಿ ತುಂಬಿತು. ಆ ಒಂದು ಮಾತಿನಿಂದ ಕಟ್ಟಡ ಉಳಿಯಿತು, ನನ್ನ ಓದು ಅರ್ಧಕ್ಕೆ ನಿಲ್ಲದೆ ಮುಗಿಯಿತು, ಅಪ್ಪ ಕೊನೆಗಾಲದಲ್ಲಿ ಯಾರ ಮುಂದೆಯೂ ಕೈಚಾಚದೆ ಹೋದ. ಒರಳುಕಲ್ಲನ್ನು ಕಿತ್ತು ಅಲ್ಲಿ ಬಾತ್‌ರೂಮು ಕಟ್ಟಿದೆವು. ಆಮೇಲಾಮೇಲೆ ಬಂದವರಿಗೆ ನಮ್ಮ ಕತೆಗಳು ಗೊತ್ತಿರಲಿಲ್ಲ, ಅರ್ಧಕ್ಕರ್ಧ ಜನಕ್ಕೆ ನಮ್ಮ ಭಾಷೆಯೇ ಗೊತ್ತಿರಲಿಲ್ಲ. ಚೆನ್ನಾಗಿ ಮಲಗಿ ಎದ್ದು ಹೋಗುತ್ತಿದ್ದರು. ಎಲೆಯಲ್ಲಿ ಅರ್ಧರ್ಧ ಮುದ್ದೆ ಬಿಟ್ಟು ಏಳುತ್ತಿದ್ದರು. ತಾತ ಅದನ್ನೆತ್ತಿ ದನಕ್ಕೆ ಹಾಕುತ್ತಿದ್ದ.

ಅವನು ಕತೆ ಹೇಳುವುದನ್ನೇ ನಿಲ್ಲಿಸಿದ. ಹಳೆಯ ಗಿರಾಕಿಯೊಬ್ಬ ಮಾಲು ಏರುತ್ತಿಲ್ಲವೆಂದು ಗೊಣಗಿದಾಗ, ಅವನೂ ನಾನೂ ಅಡುಗೆಮನೆಯ ಕಡೆ ನೋಡಿದೆವು. ಒಳಗಿನಿಂದ ಕೂಗು ಬರಲಿಲ್ಲ. ಒಂದು ಸಂಜೆ ಈರುಳ್ಳಿ ಸುಲಿಯುತ್ತ ತಾತನೇ ಹೇಳಿದ: "ಯಾರೂ ಅವ್ಳ ಸುದ್ದಿ ಎತ್ತಲ್ಲ ಈಗ, ಪಾಪಾ. ಮುಂಚೆ ನಾಕ್ ಜನದ್ ಬಾಯಲ್ಲಾರ ಇದ್ಲು." ನಾನು ಚಿಲ್ಲರೆ ಹುಡುಕುವ ನೆಪ ಮಾಡಿಕೊಂಡು ಎದ್ದೆ.

ಕೊನೆಗೆ, ಒರಳು ಕಿತ್ತ ಮೇಲೆ ಅವನಿಗೆ ಬಿಟ್ಟುಕೊಟ್ಟಿದ್ದ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಜ್ವರ ಹಿಡಿದು ಮಲಗಿದ. ಡಾಕ್ಟರು ವಯಸ್ಸಾಯಿತು ಎಂದರು. ನಾನು ಗಂಜಿ ಕುಡಿಸುತ್ತಿದ್ದಾಗ ಕೇಳಿದ: "ಪಾಪಾ, ನಿಂಗೆ ಯಾವತ್ತಾರ ಕೇಳ್ಸಿತ್ತಾ, ಅವ್ಳು ರುಬ್ಬೋದು?"

"ಕೇಳಿಸಿತ್ತು ತಾತ."

ಅವನು ನನ್ನನ್ನೇ ನೋಡಿದ. ಬಿರ್ ಬಿರ್ರನೆಯಾ ನಿಧಾನವಾ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿಕೊಂಡು ಕೂತೆ. ಅವನು ಏನೂ ಕೇಳಲಿಲ್ಲ. "ಬುಡು ಕಣಮ್ಮ. ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ" ಎಂದು ನಕ್ಕು, ಗಂಜಿಗೆ ಬಾಯಿ ತೆರೆದ. ಬೆಳಿಗ್ಗೆ ಹೋಟ್ಲಿನಲ್ಲಿ ಹಿಟ್ಟಿಗೆ ಎಸರಿಡುವ ಹೊತ್ತಿಗೆ ಹೋದ. ಎಲ್ಲ ನಾನೇ ಮಾಡಿಸಿದೆ. ಅಳು ಬರಲಿಲ್ಲ. ಜನ ನೋಡಿದರು, ನೋಡಲಿ. ಬಾರದ ಅಳುವನ್ನು ಎಲ್ಲಿಂದ ತರಲಿ?

ಅವನು ಹೋದ ಮೇಲೆ ಹೋಟ್ಲಿನ ಹುಡುಗರು ಒಂದಷ್ಟು ದಿನ ಕತ್ತಲಾದ ಮೇಲೆ ಅಡುಗೆಮನೆಗೆ ಹೋಗಲು ಹೆದರಿದರು. ಆಮೇಲೆ ಹೆದರಿಕೆಯೂ ಹೋಯಿತು. ತಾತ ಯಾರಿಗೂ ಕಾಣಿಸಿಕೊಳ್ಳಲಿಲ್ಲ, ಅವನ ಮೇಲೆ ಒಂದು ಕತೆಯೂ ಹುಟ್ಟಲಿಲ್ಲ. ಅವನು ಕೊನೆಯುಸಿರೆಳೆದ ಕೋಣೆಯನ್ನೂ ಬಾಡಿಗೆಗೆ ಕೊಡುತ್ತೇನೆ. ಬೆಳಿಗ್ಗೆ ಅದರ ಬೀಗದ ಕೈ ವಾಪಸು ಕೊಡಲು ಬಂದವರನ್ನು "ರಾತ್ರಿ ನಿದ್ದೆ ಬಂತಾ? ಏನಾದ್ರೂ ಸದ್ದುಗಿದ್ದು?" ಎಂದು ಕೇಳುತ್ತೇನೆ. ಯಾರಾದರೂ ಒಬ್ಬರು ಹೂಂ ಅನ್ನಲಿ ಎಂದು ಕಾಯುತ್ತೇನೆ. "ಇಲ್ಲ ಮೇಡಂ, ಒಳ್ಳೆ ನಿದ್ದೆ" ಎಂದು ಬೀಗದ ಕೈ ಕೌಂಟರಿನ ಮೇಲಿಟ್ಟು ಹೋಗುತ್ತಾರೆ.