ಬೆಲ್ಲದ ಹೊಳಪಿನ ಹಲಗೆಗಳು

ಮೊನ್ನೆ ನಮ್ಮ ಪಕ್ಕದ ಸೈಟಿನಲ್ಲಿ ಸೆಂಟ್ರಿಂಗ್‌ಗೆಂದು ಪ್ಲೈವುಡ್ ಶೀಟುಗಳನ್ನು ಇಳಿಸಿ ಕಾಂಪೌಂಡಿಗೆ ಒರಗಿಸಿದ್ದರು. ಬಟ್ಟೆ ಒಣಗಿಹಾಕಲು ಹೋದವಳು ನೋಡಿದರೆ, ಒಂದು ಶೀಟಿನ ಅಂಚಿನಲ್ಲಿ ಇರುವೆ ಸಾಲು. ಯಾರೋ ಟೀ ಚೆಲ್ಲಿದ್ದರೇನೋ, ಅಷ್ಟೇ. ನನಗೆ ಮಾತ್ರ ತಡೆಯಲಾಗಲಿಲ್ಲ. ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಆ ಹಲಗೆಯನ್ನು ಮೂಸಿದೆ. ಕೆಲಸದ ಹುಡುಗನೊಬ್ಬ "ಏನ್ ಮೇಡಂ?" ಅಂದ. ಏನಂತ ಹೇಳಲಿ? ನನ್ನ ಬಾಣಂತಿ ಕೋಣೆಯ ತಾರಸಿಗೆ ಒಂದು ಕಾಲದಲ್ಲಿ ಬೆಲ್ಲ ಹತ್ತಿತ್ತು ಕಣಪ್ಪಾ ಅಂದರೆ ನಂಬುತ್ತಾನೆಯೇ?

ತೊಂಬತ್ತರ ದಶಕದ ಮಾತು. ನಾನು ಚೊಚ್ಚಲ ಬಸುರಿ, ಕಿಕ್ಕೇರಿ ಹತ್ತಿರದ ತವರಿಗೆ ಬಂದಿದ್ದೆ. ಬಂದರೆ ಅಲ್ಲಿ ಮನೆಯೇ ಇರಲಿಲ್ಲ! ಹಳೆಯ ಹೆಂಚಿನ ಮನೆಯನ್ನು ಕೆಡವಿ ಅಪ್ಪ ಹೊಸದು ಕಟ್ಟಿಸುತ್ತಿದ್ದರು. ನಾವೆಲ್ಲ ದನದ ಕೊಟ್ಟಿಗೆಯ ಪಕ್ಕ ತಗಡಿನ ಶೆಡ್ಡಿನಲ್ಲಿದ್ದೆವು. ನನ್ನ ದಿನ ತುಂಬುವುದರೊಳಗೆ ಒಂದು ಕೋಣೆಯಾದರೂ ಮುಗಿಯಬೇಕು, ಮಗುವನ್ನು ಅಲ್ಲಿಗೇ ಕರೆತರಬೇಕು ಎಂಬುದು ಅಪ್ಪನ ಹಟ. ನನಗೋ, ಹೊಟ್ಟೆ ಬೆಳೆದಷ್ಟು ಬೇಗ ಗೋಡೆ ಬೆಳೆಯುತ್ತಿಲ್ಲವಲ್ಲ ಎಂಬ ಸಂಕಟ.

ಪಕ್ಕದ ಮನೆಯಲ್ಲಿ ಆಲೆಮನೆ ದೊಡ್ಡಪ್ಪ ಇದ್ದರು. ಸ್ವಂತ ದೊಡ್ಡಪ್ಪನಲ್ಲ. ಕಬ್ಬು ಅರೆಸಿ ಬೆಲ್ಲ ಮಾಡುವ ಆಲೆಮನೆ ಅವರದ್ದು, ಹಾಗಾಗಿ ಊರಿಗೆಲ್ಲ ಆ ಹೆಸರೇ. ಆನೆಯಂಥ ಆಳು, ಗುಬ್ಬಿಯಂಥ ಜೀವ. ಬಸ್ಸು ತಪ್ಪೀತೆಂದು ಕೋಳಿ ಕೂಗುವಾಗಲೇ ಹೋಗಿ ನಿಲ್ಲುವವರು. ಯಾರ ಮಗು ಕೆಮ್ಮಿದರೂ "ಪ್ಯಾಟೆ ಡಾಕ್ಟ್ರಿಗೆ ತೋರ್ಸ್ರವ್ವ" ಎಂದು ಮನೆ ಬಾಗಿಲಿಗೆ ಬರುವವರು. ನಾವು ಹೆಣ್ಣುಮಕ್ಕಳು ಅವರನ್ನು ಅಣಕಿಸಿ ನಗುತ್ತಿದ್ದೆವು.

ತಾರಸಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕುವ ಕೆಲಸ ಹತ್ತಿರ ಬಂತು. ಅದರಡಿಗೆ ಹಾಸಲೆಂದು ಮೇಸ್ತ್ರಿ ತಂದಿಳಿಸಿದ ಬಾಡಿಗೆ ಶೀಟುಗಳನ್ನು ನೋಡಿ ದೊಡ್ಡಪ್ಪ ಹೌಹಾರಿದರು. ನೀರು ಕುಡಿದು ಉಬ್ಬಿದ್ದವು, ಅಂಚಿನಲ್ಲಿ ಪದರ ಪದರ ಬಿಚ್ಚಿಕೊಂಡಿದ್ದವು. ಕಾಂಕ್ರೀಟಿನ ಭಾರಕ್ಕೆ ಮಧ್ಯೆ ಬಗ್ಗಿದರೆ? ಮುರಿದೇ ಹೋದರೆ? ಅವರ ಆಲೆಮನೆಯಲ್ಲಿ ಒಳ್ಳೆಯ ದಪ್ಪ ಪ್ಲೈವುಡ್ ಇತ್ತು, ಅಚ್ಚಿನಿಂದ ಕವುಚಿದ ಬೆಲ್ಲ ಆರಲಿ ಎಂದು ನೆಲಕ್ಕೆ ಹಾಸುತ್ತಿದ್ದದ್ದು. ಅದನ್ನೇ ಗಾಡಿಯಲ್ಲಿ ಹೇರಿಕೊಂಡು ಬಂದರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಟೊಳ್ಳು ಸದ್ದು ಬಂದದ್ದನ್ನು ಅತ್ತ ಎಸೆದರು. ಒಂದಷ್ಟು ಶೀಟುಗಳ ಮೈ ಮಾತ್ರ ನುಣ್ಣಗೆ ಫಳಫಳ ಹೊಳೆಯುತ್ತಿತ್ತು. ಅವನ್ನು ಬೇರೆ ಇಟ್ಟರು.

"ನೋಡ್ಲಾ, ಕನ್ನಡಿ ಇದ್ದಂಗವೆ. ಬಾಣ್ತಿ ಕ್ವಾಣೆಗೆ ಇವನ್ನೇ ಆಕುಸ್ಬುಡು," ಎಂದರು ಅಪ್ಪನಿಗೆ.

ಸರ್ವೆ ಮರದ ಕಂಬಗಳನ್ನು ನಿಲ್ಲಿಸಿ, ಮೇಲೆ ಹಲಗೆ ಹಾಸಿದ ಮಧ್ಯಾಹ್ನ ಕಂಬದಗುಂಟ ಇರುವೆ ಹತ್ತತೊಡಗಿದವು. ಅಮ್ಮ ಖುಷಿಯಾದಳು: "ಕರೀರುವೆ ಕಣ್ ಬುಡು, ಒಳ್ಳೇದು, ಲಕ್ಷ್ಮಿ ಬತ್ತಾವ್ಳೆ." ಮೇಸ್ತ್ರಿ ಹಲಗೆಗೆಲ್ಲ ಹಳೇ ಇಂಜಿನ್ ಆಯಿಲ್ ಬಳಿಸಿದ. ಇರುವೆ ಹೋದವು. ಆ ಹೊಳಪು ಮರದ್ದಲ್ಲ, ವರ್ಷವರ್ಷದ ಬೆಲ್ಲ ಕುಡಿದು ಕೂತದ್ದು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ... ಮರುದಿನ ಕಾಂಕ್ರೀಟ್ ಮಿಕ್ಸರಿಗೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಮೋಲ್ಡ್ ಹಾಕಿದರು. ನನ್ನ ಕೋಣೆಯ ನಡುವೆ ತೊಟ್ಟಿಲು ತೂಗಲು ಒಂದು ಕೊಕ್ಕೆಯನ್ನೂ ಕಂಬಿಗೆ ಬಿಗಿಸಿ ಬಿಟ್ಟಿದ್ದರು. ಕೆಲಸದವರಿಗೆ ಪಾಯಸದ ಊಟ ಹಾಕಿದೆವು.

ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿ, ವಾರಗಟ್ಟಲೆ ಕಾದ ಮೇಲೆ ಸೆಂಟ್ರಿಂಗ್ ಬಿಚ್ಚುವ ಬೆಳಗು ಬಂತು. ಬೇರೆ ಕೋಣೆಗಳಲ್ಲಿ ಸಲೀಸಾಗಿ ಬಂದ ಹಲಗೆಗಳು ನನ್ನ ಕೋಣೆಯಲ್ಲಿ ಅಂಟಿಕೊಂಡವು. ಮೇಸ್ತ್ರಿ ಹಾರೆ ಹಾಕಿ ಎಳೆದ. ದಬದಬನೆ ಮರಳು ಅವನ ತಲೆಯ ಮೇಲೆ ಸುರಿಯಿತು. ಹಸಿ ಹಸಿ ಮರಳು! ಜಲ್ಲಿ ಕಲ್ಲುಗಳು ಹಲ್ಲು ಬಿಟ್ಟುಕೊಂಡು ಕಾಣುತ್ತಿದ್ದವು. ನಾನು ಬಾಗಿಲ ಬಳಿ ಹೊಟ್ಟೆ ಹಿಡಿದುಕೊಂಡು ನಿಂತುಬಿಟ್ಟೆ.

ದೊಡ್ಡಪ್ಪ ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡರು. ಮೂಸಿದರು. ನಾಲಿಗೆಯ ತುದಿಗೆ ಇಟ್ಟುಕೊಂಡರು.

"ನಂದೇ ಬೆಲ್ಲ ಕಣ್ಲಾ," ಎಂದರು.

ಬೆಲ್ಲ ಸೋಕಿದರೆ ಸಿಮೆಂಟು ಕಚ್ಚಿಕೊಳ್ಳುವುದಿಲ್ಲ ಎಂದು ಮೇಸ್ತ್ರಿ ಆಗ ಹೇಳಿದ. ತಲೆ ಮೇಲೆ ಬಿದ್ದ ಮೇಲೆ! ಮತ್ತೆ ಕಂಬ ಕೊಟ್ಟು, ಕೆರೆದು ಕೆರೆದು ಗಟ್ಟಿ ಸಿಗುವವರೆಗೆ ಹೋದ. ಮೇಲಿನ ಚರ್ಮ ಮಾತ್ರ ಹೋಗಿದೆ, ಒಳಗೆ ಕಲ್ಲಿನಂತಿದೆ ಎಂದು ಆಣೆ ಹಾಕಿದ. ಗಾರೆ ಮೆತ್ತಿದ. ಕೊನೆಗೆ ಕಂಬಗಳನ್ನೂ ತೆಗೆದ. ಅವನ ಮಾತನ್ನು ಯಾರು ನಂಬಬೇಕು? ಒಡೆಸಿ ಮತ್ತೆ ಹಾಕಿಸಲು ದಿನಗಳಿರಲಿಲ್ಲ. ತಗಡಿನ ಶೆಡ್ಡಿನ ಬಿಸಿಲಿಗೆ ಹಸುಗೂಸನ್ನು ಒಡ್ಡುವಂತಿರಲಿಲ್ಲ. ನಾನು ಅತ್ತೆ, ಕೂಗಾಡಿದೆ. "ಆ ಕೋಣೆಗೆ ಮಗು ತಕ್ಕೊಂಡು ನಾನು ಕಾಲಿಡಲ್ಲ" ಎಂದೆ. ದೊಡ್ಡಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು.

ಸಂಜೆಗೆ ಅವರ ಮಂಚ ಬಂತು. ಹೊತ್ತು ತಂದವರು ಅವರೇ. ಕೊಕ್ಕೆಯ ನೇರ ಕೆಳಗೆ ಹಾಕಿಕೊಂಡರು. ಹೆಂಡತಿ ಗೋಡೆಯಾಚೆಯಿಂದ "ಮುದ್ಕಂಗೆ ತಲೆ ಕೆಟ್ಟದೆ" ಎಂದು ಬೈದರೂ ಕದಲಲಿಲ್ಲ.

"ಬಿದ್ರೆ ಮೊದ್ಲು ನನ್ ಮ್ಯಾಲೆ ಬೀಳ್ಲಿ ಬುಡು. ಬೀಳ್ನಿಲ್ಲ ಅಂದ್ರೆ ಆಮ್ಯಾಕೆ ಮಗ ಒಳೀಕ್ ಬರ್ಲಿ."

ಬಸ್ಸು ತಪ್ಪುವುದಕ್ಕೂ ಹೆದರುವ ಮನುಷ್ಯ! ಮಂಚದ ಸುತ್ತ ನೆಲಕ್ಕೆ ತಮ್ಮ ಬಿಳಿ ಪಂಚೆಗಳನ್ನು ಹಾಸಿ ಮಲಗುತ್ತಿದ್ದರು, ಒಂದು ಕಾಳು ಮರಳು ಉದುರಿದರೂ ಗೊತ್ತಾಗಲೆಂದು. ದಿನಾ ಬೆಳಗ್ಗೆ ಮಂಡಿಯೂರಿ ಪಂಚೆಯ ಮೇಲೆ ಅಂಗೈ ಆಡಿಸುವುದು, ಶೆಡ್ಡಿನ ಬಾಗಿಲಿಗೆ ಬಂದು "ಏನೂ ಬಿದ್ದಿಲ್ಲ ಕಣವ್ವ" ಎನ್ನುವುದು. ಕಣ್ಣು ಕೆಂಡದಂತಿರುತ್ತಿತ್ತು. ನಿದ್ದೆ ಮಾಡುತ್ತಿದ್ದರೋ ಇಲ್ಲವೋ... ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆ.ಆರ್. ಪೇಟೆ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಕೂಸನ್ನೆತ್ತಿಕೊಂಡು ವ್ಯಾನಿನಿಂದ ಇಳಿದಾಗ ದೊಡ್ಡಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದರು. "ತಡೀರಿ" ಎಂದವರೇ ಒಳಗೆ ಹೋಗಿ, ಸ್ಟೂಲು ಹತ್ತಿ, ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದರು. ಆ ದೊಡ್ಡ ಮೈ ಪೂರ್ತಿ ಗಾಳಿಯಲ್ಲಿ! ಕಾಲು ಮಡಚಿ, ಕಣ್ಣು ಮುಚ್ಚಿ, ತುಟಿಯಲ್ಲಿ ಯಾವ ದೇವರ ಹೆಸರೋ.

"ಸಾಕು ಇಳಿಯಣ್ಣೋ!" ಎಂದು ಅಪ್ಪ ಕಿರುಚಿದರು.

ಇಳಿದರು. ಕೆಳಗಿನ ಪಂಚೆಯನ್ನು ಸವರಿದರು. ಏನೂ ಇರಲಿಲ್ಲ. ಅಲ್ಲೇ ಕುಕ್ಕರಿಸಿ ಕೂತು ಆ ಪಂಚೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆಮೇಲೆ, "ತೊಟ್ಲ ಕಟ್ರವ್ವ," ಎಂದರು.

ನನ್ನ ಮಗಳು ಆ ಕೊಕ್ಕೆಯಲ್ಲೇ ತೂಗಿ ಬೆಳೆದಳು. ದೊಡ್ಡಪ್ಪನಿಗೆ ಮಾತ್ರ ಕೊನೆಯವರೆಗೂ ನಂಬಿಕೆ ಬರಲಿಲ್ಲ. ಆ ಕೋಣೆಗೆ ಬಂದರೆ ಮೊದಲು ಮೇಲೆ ನೋಡುವುದು, ಆಮೇಲೆ ಕೂರುವುದು. ಮಾತಿನ ನಡುವೆಯೂ ಕಣ್ಣು ಮೇಲಕ್ಕೇ. ಕೊನೆಯ ಸಲ ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ನನ್ನ ಕೈ ಹಿಡಿದು ಕೇಳಿದ್ದು ಅದೊಂದೇ: "ಏನಾದ್ರೂ ಉದುರ್ತಾ ಮಗ?" ಇಲ್ಲ ದೊಡ್ಡಪ್ಪ ಎಂದೆ. ತಲೆಯಾಡಿಸಿದರು.

ಹೋದ ವರ್ಷ ನನ್ನ ತಮ್ಮ ಆ ತಾರಸಿಯ ಮೇಲೆ ಇನ್ನೊಂದು ಮನೆ ಕಟ್ಟಿಸಿದ. ಇಂಜಿನಿಯರ್ ಬಂದು ಪರೀಕ್ಷೆ ಮಾಡಿ, ಹಳೇ ಮೋಲ್ಡು ಭದ್ರವಾಗಿದೆ, ಧಾರಾಳವಾಗಿ ಕಟ್ಟಿ ಎಂದಿದ್ದ. ತಮ್ಮ ಫೋನಿನಲ್ಲಿ ಹೇಳಿದಾಗ, ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದು ಹೇಳಬೇಕು ಅನ್ನಿಸಿತು. ಯಾರಿಗೆ ಹೇಳುವುದು...

ಮೊನ್ನೆ ಆ ಹುಡುಗನಿಗೆ ಏನೂ ವಿವರಿಸಲಿಲ್ಲ. ಒಳಗಿನಿಂದ ಬಕೆಟ್ಟು, ತೆಂಗಿನ ನಾರು ತಂದು, ಸೆರಗು ಸಿಕ್ಕಿಸಿ ಆ ಶೀಟನ್ನು ಉಜ್ಜಿ ತೊಳೆದೆ. ಹುಡುಗರು ನಕ್ಕರು. ನಗಲಿ. ಸಂಜೆ ಕಸ ಹಾಕಲು ಹೋದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಣಗಿದ ಆ ಹಲಗೆಯ ಮೇಲೆ ಇನ್ನೊಮ್ಮೆ ಅಂಗೈ ಆಡಿಸಿದೆ. ಏನೂ ಇಲ್ಲ ದೊಡ್ಡಪ್ಪ, ಎಂದೆ.